ಚುಟ್ಟಿ ಇಡುವ ಕೈ

ಮಂಗಲ್ಪಾಡಿ
3 ನವೆಂಬರ್ 2024

ಪ್ರೀತಿಯ ದೀಪ್ತಿ,

ಫೋನಿನಲ್ಲಿ ಹೇಳಬಹುದಾದದ್ದನ್ನು ಚಿಕ್ಕಮ್ಮ ಕಾಗದದಲ್ಲಿ ಯಾಕೆ ಬರೆಯುತ್ತಾಳೆ ಎಂದುಕೊಳ್ಳಬೇಡ. ಅಡುಗೆಮನೆಯಲ್ಲಿ ಆಡಿದ ಮಾತು ನಮ್ಮಲ್ಲಿ ಚಾವಡಿಗೆ ಕೇಳುತ್ತದೆ. ತನ್ನ ಕೈಯ ವಿಷಯವನ್ನು ತನ್ನನ್ನು ಬಿಟ್ಟು ಬೇರೆಯವರು ಮಾತಾಡುವುದು ನಿನ್ನ ಚಿಕ್ಕಪ್ಪನಿಗೆ ಸೇರುವುದಿಲ್ಲ.

ಕೈಯ ನಡುಕ ತಡೆಯಲು ನಿಮ್ಮ ಕಂಪನಿ ಮಾಡಿದ ಪಟ್ಟಿ ಬಂದು ವಾರವಾಯಿತು. ನಿನ್ನ ಮೇಲಧಿಕಾರಿ ಲತೇಶ್ ಪುಣೆಯಿಂದ ತಾವೇ ಬಂದು ಕಟ್ಟಿಕೊಟ್ಟರು. ಮಣಿಕಟ್ಟಿಗೆ ಪಟ್ಟಿ, ಹಿಂಗೈಯ ಮೇಲೆ ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರೊಳಗೆ ತಿರುಗುವ ಚಕ್ರ. ಕೈ ಒಂದು ಕಡೆಗೆ ನಡುಗಿದರೆ ಚಕ್ರ ಇನ್ನೊಂದು ಕಡೆಗೆ ಎಳೆಯುತ್ತದಂತೆ. ಪಾರ್ಕಿನ್ಸನ್ ಕಾಯಿಲೆ ಶುರುವಾದಾಗಿನಿಂದ ಇವರಿಗೆ ಚಾ ಕೊಡುವುದು ಅರ್ಧ ಲೋಟ. ಅವತ್ತು ಲತೇಶ್ ಲೋಟ ತುಂಬಿಸಿ ಕೊಡಿ ಎಂದರು. ಒಂದು ತೊಟ್ಟೂ ಚೆಲ್ಲದೆ ಕುಡಿದರು. ಲತೇಶ್ ಅದನ್ನು ವೀಡಿಯೋ ಮಾಡಿಕೊಂಡರು. ಪಕ್ಕದ ಮನೆಯ ಸ್ಟೆಲ್ಲಾ ಬಾಯಿ, ನರ್ಸ್ ಆಗಿ ನಿವೃತ್ತರಾದವರು, ಬೇಲಿಯಾಚೆಯಿಂದ, “ಇದೆಂತ, ಕೈಗೆ ಸ್ಕೂಟರಿನ ಬ್ರೇಕು ಕಟ್ಟಿದ ಹಾಗೆ ಉಂಟಲ್ಲ!” ಎಂದರು. ಎಲ್ಲರೂ ನಕ್ಕೆವು. ನಾನು ಒಳಗೆ ಹೋಗಿ ಸ್ವಲ್ಪ ಅತ್ತೆ.

ಈಗ ಮುಖ್ಯ ವಿಷಯ. ನೀನು ಹುಬ್ಬಳ್ಳಿಯಲ್ಲಿ ಬೆಳೆದವಳು, ನಮ್ಮ ಯಕ್ಷಗಾನ ನೋಡಿದ್ದು ಕಡಿಮೆ. ಅದಕ್ಕೆ ಬಿಡಿಸಿ ಬರೆಯುತ್ತೇನೆ. ಇವರು ಮೇಳದಲ್ಲಿ ಮಾಡುತ್ತಿದ್ದದ್ದು ಬಣ್ಣದ ವೇಷ, ಅಂದರೆ ರಾಕ್ಷಸರು. ಅಕ್ಕಿಹಿಟ್ಟು ಸುಣ್ಣ ಸೇರಿಸಿ ಅರೆದ ಬಿಳಿಯ ಹಿಟ್ಟನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗಬೇಕು. ಚುಕ್ಕಿಯ ಮೇಲೆ ಚುಕ್ಕಿ ಕೂತು ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು. ಅದಕ್ಕೆ ಚುಟ್ಟಿ ಎನ್ನುತ್ತೇವೆ. ಮಧ್ಯಾಹ್ನ ಕನ್ನಡಿಯ ಮುಂದೆ ಕೂತವರು ಏಳುವಾಗ ಸಂಜೆ. ವೇಷ ಕಟ್ಟುವ ಚೌಕಿಯಲ್ಲಿ ಇವರು ಕಲಿತ ಕ್ರಮ ಒಂದೇ: ತನ್ನ ಮುಖವನ್ನು ತಾನೇ ಬರೆಯಬೇಕು. ಬೇರೆಯವರು ಬರೆದ ಮುಖ ಹೊತ್ತು ಇವರು ಒಂದು ದಿನವೂ ರಂಗಕ್ಕೆ ಹೋದವರಲ್ಲ. ಎರಡು ವರ್ಷದ ಹಿಂದೆ, ಚುಟ್ಟಿಯ ಸಾಲು ಡೊಂಕಾಗತೊಡಗಿದಾಗ, ಮೇಳ ಬಿಟ್ಟದ್ದೂ ಅದಕ್ಕೇ. ಕುಣಿಯಲು ಆಗುವುದಿಲ್ಲವೆಂದು ಬಿಟ್ಟವರಲ್ಲ.

ನಿನ್ನೆ ಆಟದಲ್ಲಿ ಪದ ಹೇಳುವ ಭಾಗವತರಾದ ಶಿವಸುಬ್ರಹ್ಮಣ್ಯರು ಬಂದಿದ್ದರು. ಫೆಬ್ರವರಿ ಹದಿನೈದಕ್ಕೆ ಎಣ್ಮಕಜೆಯಲ್ಲಿ ಅವರ ಸಂಘದ ಆಟ, ಮೈರಾವಣ ಕಾಳಗ. “ಹರಿಯಣ್ಣ, ಮೈರಾವಣ ನಿಮ್ಮದು. ಒಂದು ಪ್ರವೇಶ, ನಾಲ್ಕು ಮಾತು, ಸಾಕು” ಎಂದರು. ಇವರು ಕೈಯ ಪಟ್ಟಿ ನೋಡಿಕೊಂಡು, “ಮುಖ ನಾನೇ ಬರೆಯುವ ಹಾಗಾದರೆ ಬರುತ್ತೇನೆ. ಆಗದಿದ್ದರೆ ಕರೆಯಬೇಡಿ” ಎಂದರು.

ನಾವು ಕಾಯುತ್ತಿರುವುದು ಇಷ್ಟಕ್ಕೆ. ಮಿಕ್ಕದ್ದೆಲ್ಲ ನಿನ್ನ ಯಂತ್ರದ ಕೈಯಲ್ಲಿ.

ನಿನ್ನ ಚಿಕ್ಕಮ್ಮ
ಈಶ್ವರಿ


ಪುಣೆ
14 ನವೆಂಬರ್ 2024

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿ ಕಣ್ಣು ಒರೆಸಿಕೊಂಡೆ. ಲತೇಶ್ ಸರ್ ಆ ಚಾ ವೀಡಿಯೋವನ್ನು ನಮಗೆಲ್ಲ ತೋರಿಸಿದರು. ಪರೀಕ್ಷೆಗೆ ಪಟ್ಟಿ ಕೊಟ್ಟವರಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡವರು ಬೇರೆ ಯಾರೂ ಇಲ್ಲ.

ಒಂದು ಸಣ್ಣ ಚಿಂತೆ. ಪಟ್ಟಿಯೊಳಗಿನ ಮಾಹಿತಿ ನಿಮ್ಮ ಫೋನಿನ ಮೂಲಕ ನಮಗೆ ಬರುತ್ತದೆ. ಹಗಲೆಲ್ಲ ಚಿಕ್ಕಪ್ಪನ ಕೈ ಹತೋಟಿಯಲ್ಲಿರುತ್ತದೆ. ಸಂಜೆ ಹೊತ್ತು, ನೀವು ಕಾಲೇಜಿನಲ್ಲಿ ಪಾಠ ಮುಗಿಸಿ ಬರುವ ಮುಂಚೆ, ನಡುಕ ಇದ್ದಕ್ಕಿದ್ದಂತೆ ಏರುತ್ತದೆ. ದಿನಾ ಹಾಗೆಯೇ. ಮಾತ್ರೆಯ ಬಲ ಇಳಿಯುವ ಹೊತ್ತಿರಬೇಕು. ಆ ಹೊತ್ತಿಗೆ ಚಕ್ರದ ಎಳೆತ ಜೋರಾಗುವ ಹಾಗೆ ಇಲ್ಲಿಂದಲೇ ಬದಲಿಸಿದ್ದೇನೆ.

ಚಿಕ್ಕಪ್ಪನಿಗೆ ಈಗಲೇ ಹೇಳಬೇಡಿ. ಹೇಳಿದರೆ ಅವರು ಅದನ್ನೇ ಯೋಚಿಸುತ್ತಾ ಕೂರುತ್ತಾರೆ, ಪರೀಕ್ಷೆಯ ಫಲಿತಾಂಶವೂ ಕೆಡುತ್ತದೆ.

ನಿಮ್ಮ
ದೀಪ್ತಿ


ಮಂಗಲ್ಪಾಡಿ
1 ಡಿಸೆಂಬರ್ 2024

ಪ್ರೀತಿಯ ದೀಪ್ತಿ,

ಹೇಳಲಿಲ್ಲ. ಇಪ್ಪತ್ತೈದು ವರ್ಷ ಜೊತೆಗಿದ್ದವರಿಂದ ಒಂದು ವಿಷಯ ಮುಚ್ಚಿಡುವುದು ನನಗೆ ಎಷ್ಟು ಸುಲಭವಾಯಿತು ಎಂದು ನನಗೇ ಆಶ್ಚರ್ಯ.

ಇವರು ಚಾ ತುಂಬಿದ ಲೋಟದಲ್ಲೇ ಕುಡಿಯುತ್ತಾರೆ, ಅಂಗಿಯ ಗುಂಡಿ ತಾವೇ ಹಾಕುತ್ತಾರೆ. ಆದರೆ ಸಂಜೆ ನಾನು ಬರುವಾಗ ಪಟ್ಟಿ ಬಿಚ್ಚಿ ಕಿಟಕಿಯ ಮೇಲೆ ಇಟ್ಟಿರುತ್ತಾರೆ. ಮಣಿಕಟ್ಟು ಕೆಂಪಾಗಿರುತ್ತದೆ. ಮೊನ್ನೆ ಗದರಿದೆ.

“ಅಷ್ಟು ದೂರದಿಂದ ಮಗು ಕಳಿಸಿದ್ದು. ಹೊತ್ತಿಗೆ ಸರಿಯಾಗಿ ಬಿಚ್ಚಿಡುವುದೆಂತ?”

“ಬೆವರುತ್ತದೆ.”

“ಬೆವರಿದರೆ ಒರೆಸಿ ಪುನಃ ಕಟ್ಟಿಕೊಳ್ಳಿ.”

“ಆಯ್ತು ಟೀಚರೇ” ಎಂದು ಕಟ್ಟಿಕೊಂಡರು. ವೇಷದವರ ಬಿಗುಮಾನ ನಿನಗೆ ಗೊತ್ತಿಲ್ಲ. ಯಂತ್ರದ ಹಂಗು ಬೇಡ ಎನ್ನುವ ಹಟ ಅದು ಎಂದು ನನಗನ್ನಿಸುತ್ತದೆ.

ಇನ್ನೊಂದು ಕೆಲಸ ಮಾಡಿದ್ದೇನೆ, ನಿನಗೆ ಮಾತ್ರ ಬರೆಯುತ್ತೇನೆ. ನಡುಕ ಏರುತ್ತಿದೆ ಎಂದು ನೀನು ಬರೆದ ಮೇಲೆ ನನಗೆ ಸಮಾಧಾನವಿರಲಿಲ್ಲ. ಚೌಕಿಯಲ್ಲಿ ಹತ್ತು ಜನರ ಎದುರು ಕೈ ಸೋತರೆ ಇವರು ಅದನ್ನು ತಡೆದುಕೊಳ್ಳುವುದಿಲ್ಲ. ಕಾಲೇಜಿನಿಂದಲೇ ಭಾಗವತರಿಗೆ ಫೋನ್ ಮಾಡಿ, ಮೈರಾವಣನಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಅವರು “ಇದು ಹರಿಯಣ್ಣ ಹೇಳಿದ್ದೋ?” ಎಂದು ಕೇಳಿದರು. ಹೌದು ಎಂದೆ.

ಈಶ್ವರಿ


ಪುಣೆ
9 ಡಿಸೆಂಬರ್ 2024

ಚಿಕ್ಕಮ್ಮ,

ಅವಸರದಲ್ಲಿ ಬರೆಯುತ್ತಿದ್ದೇನೆ. ನೀವು ಮಾಡಿದ್ದು ಸರಿಯೇ. ಸಂಜೆಯ ನಡುಕ ಇನ್ನೂ ಬಗ್ಗಿಲ್ಲ, ಎಳೆತವನ್ನು ಇನ್ನೊಂದು ಹಂತ ಏರಿಸಿದ್ದೇನೆ. ದಯವಿಟ್ಟು ಪಟ್ಟಿ ಬಿಚ್ಚಲು ಬಿಡಬೇಡಿ.

ಒಳ್ಳೆಯ ಸುದ್ದಿ: ಹೈದರಾಬಾದಿನ ವೈದ್ಯರ ಸಭೆಯಲ್ಲಿ ಚಿಕ್ಕಪ್ಪನ ವೀಡಿಯೋ ತೋರಿಸಿದರು. ತುಂಬ ಹೊತ್ತು ಚಪ್ಪಾಳೆ. “ಕೈ ಮರಳಿ ಪಡೆದ ಕಲಾವಿದ” ಎಂದು ಕೆಳಗೆ ಬರೆದಿದ್ದರು.

ದೀಪ್ತಿ


ಮಂಗಲ್ಪಾಡಿ
20 ಡಿಸೆಂಬರ್ 2024

ದೀಪ್ತಿ,

ಇವತ್ತು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಮರ, ಅಂದರೆ ಮುಷ್ಕರ, ಮಧ್ಯಾಹ್ನವೇ ತರಗತಿ ಬಿಟ್ಟಿತು. ವಿದ್ಯಾನಗರದಲ್ಲಿ ಬಸ್ಸೂ ಬೇಗ ಸಿಕ್ಕಿತು. ಎಂದೂ ಬರದ ಹೊತ್ತಿಗೆ ಮನೆಗೆ ಬಂದೆ. ಚಾವಡಿಯಲ್ಲಿ ಇವರಿಲ್ಲ. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ತೆಂಗಿನ ಚಿಪ್ಪು, ಅದರಲ್ಲಿ ಅರೆದ ಬಿಳಿ ಹಿಟ್ಟು. ಎಡಗೈಯನ್ನು ಮೊಣಕಾಲ ಮೇಲೆ ಚಾಚಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಚುಟ್ಟಿ ಇಡುತ್ತಿದ್ದರು. ಬಲಗೈಗೆ ನಿಮ್ಮ ಪಟ್ಟಿ.

ನಾನು ಬಾಳೆಗಿಡದ ಹತ್ತಿರ ನಿಂತು ನೋಡಿದೆ. ಚುಟ್ಟಿ ಇಡುವುದೆಂದರೆ ಪೆನ್ನಿನಲ್ಲಿ ಬರೆದ ಹಾಗಲ್ಲ. ಕೈ ಟಕ ಟಕ ಟಕ ಎಂದು ಓಡಬೇಕು. ಹಿಟ್ಟು ಒಣಗುವ ಮುಂಚೆ ಮುಂದಿನ ಚುಕ್ಕಿ ಕೂರಬೇಕು. ಇವರ ಕೈ ಓಡಲು ಶುರು ಮಾಡುತ್ತದೆ, ನಾಲ್ಕನೆಯದೋ ಐದನೆಯದೋ ಚುಕ್ಕಿಗೆ ಯಾರೋ ಮಣಿಕಟ್ಟು ಹಿಡಿದು ಹಿಂದಕ್ಕೆಳೆದ ಹಾಗೆ ನಿಲ್ಲುತ್ತದೆ. ಕಡ್ಡಿ ಜಾರಿ ಹಿಟ್ಟೆಲ್ಲ ಗೀರು. ಒರೆಸುತ್ತಾರೆ, ಪುನಃ ಶುರು ಮಾಡುತ್ತಾರೆ, ಪುನಃ ಅದು ಎಳೆಯುತ್ತದೆ.

“ಎಂತ ಮಾಡುವುದು ನೀವು?” ಎಂದೆ.

ಬೆಚ್ಚಲಿಲ್ಲ. “ಕುಸ್ತಿ” ಎಂದರು. “ಇದರ ಒಟ್ಟಿಗೆ.”

“ಎಷ್ಟು ದಿನದಿಂದ?”

“ಇದು ಬಂದ ದಿನದಿಂದ. ನೀನು ಬರುವ ಮೊದಲು ಅಭ್ಯಾಸ ಮಾಡಿ, ಸರಿಯಾದ ಮೇಲೆ ತೋರಿಸುವ ಅಂತ ಇತ್ತು. ಚಾ ಕುಡಿಯುವಾಗ ಇದು ನನ್ನ ದೋಸ್ತಿ. ಕಡ್ಡಿ ಹಿಡಿದರೆ ಇದಕ್ಕೆ ಎಂತದೋ ಕೋಪ. ಈಗೀಗ ಇನ್ನೂ ಜೋರು ಮಾರಾಯ್ತಿ. ಯಾರೋ ಒಳಗೆ ಕೂತು ತಡೆದ ಹಾಗೆ.”

ಆ ಯಾರೋ ನೀನು, ದೀಪ್ತಿ. ಪುಣೆಯಲ್ಲಿ ಕೂತು ತಡೆದವಳು ನೀನು, ಇಲ್ಲಿ ಕೂತು ಅದನ್ನು ಮುಚ್ಚಿಟ್ಟವಳು ನಾನು.

ನಾನೇ ಪಟ್ಟಿ ಬಿಚ್ಚಿದೆ. ಮಡಿಲಲ್ಲಿ ಕೈ ನಡುಗತೊಡಗಿತು. “ಈಗ ಇಡಿ” ಎಂದೆ. ಕಡ್ಡಿಯನ್ನು ಹಿಟ್ಟಿಗೆ ಅದ್ದುವಾಗ ಚಿಪ್ಪು ಕಟಕಟ ಎಂದಿತು. ಮೊದಲ ಚುಕ್ಕಿ ಎಲ್ಲೋ ಬಿತ್ತು, ಎರಡನೆಯದೂ. ಆಮೇಲೆ ಕೈ ಓಡಲು ಶುರು ಮಾಡಿತು ನೋಡು, ನಡುಕ ಅದರೊಳಗೆ ಎಲ್ಲಿಗೆ ಹೋಯಿತೋ! ಸಾಲು ಡೊಂಕಾಗಿದೆ, ಚುಕ್ಕಿಗಳು ಒಂದೇ ಗಾತ್ರವಿಲ್ಲ. ಆದರೆ ನಿಂತಿವೆ. ಬೇಲಿಯಾಚೆಯಿಂದ ಸ್ಟೆಲ್ಲಾ ಬಾಯಿಯನ್ನು ಕೂಗಿ ಕೇಳಿದೆ. “ಈ ಕಾಯಿಲೆಯಲ್ಲಿ ಸುಮಾರು ಜನರಿಗೆ ಹಾಗೆಯೇ. ಸುಮ್ಮನೆ ಇಟ್ಟ ಕೈ, ಲೋಟ ಎತ್ತಿ ಹಿಡಿದ ಕೈ ನಡುಗುತ್ತದೆ, ಓಡುವ ಕೆಲಸಕ್ಕೆ ಹಾಕಿದರೆ ಕಡಿಮೆಯಾಗುತ್ತದೆ. ಎಲ್ಲರಿಗೂ ಅಲ್ಲ, ಎಲ್ಲ ದಿನವೂ ಅಲ್ಲ” ಎಂದರು. ಇದು ನಿಮ್ಮ ಆಫೀಸಿನಲ್ಲಿ ಗೊತ್ತಿಲ್ಲದ ವಿಷಯವೇ?

ಸಂಜೆ ಏರುವ ನಡುಕ ಎಂದು ನೀನು ಬರೆದೆಯಲ್ಲ, ಅದು ನಡುಕವಲ್ಲ. ಅದು ಇವರ ಕೆಲಸ. ಮೂವತ್ತು ವರ್ಷ ಕಲಿತ ಕೆಲಸವನ್ನು ನಿಮ್ಮ ಡಬ್ಬಿ ಕಾಯಿಲೆ ಎಂದು ಎಣಿಸಿತು, ನೀನೂ ಹಾಗೆಯೇ ಓದಿದೆ, ಓದಿ ಇನ್ನಷ್ಟು ಬಿಗಿದೆ. ಕೈ ಬೇಗ ಬೇಗ ಆಡಿದರೆ ಅದು ರೋಗವೇ ಇರಬೇಕೆಂದು ತೀರ್ಮಾನಿಸಿದವರು ಯಾರು? ಪದ್ಯ ಓದುವಾಗ ನನ್ನ ಕಾಲು ತಾನಾಗಿ ತಾಳ ಹಾಕುತ್ತದೆ. ನಾಳೆ ಅದಕ್ಕೂ ಒಂದು ಪಟ್ಟಿ ಕಳಿಸುತ್ತೀರೋ?

ಮತ್ತೆ ಆ ಚಪ್ಪಾಳೆ. ಇವರು ಹಿತ್ತಿಲಿನಲ್ಲಿ ಮಣಿಕಟ್ಟು ಕೆಂಪಾಗಿಸಿಕೊಂಡು ಕೂತಿದ್ದ ದಿನ ನೀವು ಹೈದರಾಬಾದಿನಲ್ಲಿ “ಕೈ ಮರಳಿ ಪಡೆದ ಕಲಾವಿದ” ಎಂದು ತೋರಿಸಿ ಚಪ್ಪಾಳೆ ತಟ್ಟಿಸಿಕೊಂಡಿರಿ. ಚಾ ಕುಡಿಯುವುದು ಕಲೆಯೇ, ದೀಪ್ತಿ? ಹಾಗಾದರೆ ಈ ಜಿಲ್ಲೆಯಲ್ಲಿ ಎಲ್ಲರೂ ಕಲಾವಿದರು.

ನನ್ನ ಮೇಲೂ ನನಗೆ ಸಿಟ್ಟಿದೆ. ಅದನ್ನು ನಾನೇ ನೋಡಿಕೊಳ್ಳುತ್ತೇನೆ. ನೀನು ನಿನ್ನ ಕಡೆಯದ್ದನ್ನು ನೋಡು.

ಈಶ್ವರಿ


ಪುಣೆ
18 ಜನವರಿ 2025

ಪ್ರೀತಿಯ ಚಿಕ್ಕಮ್ಮ,

ಕೆಲಸ ಜಾಸ್ತಿಯಿತ್ತು, ಅದಕ್ಕೆ ಬರೆಯಲಾಗಲಿಲ್ಲ ಎಂದು ಶುರು ಮಾಡಿ ಆ ಹಾಳೆ ಹರಿದು ಹಾಕಿದೆ. ಬರೆಯಲು ಧೈರ್ಯವಿರಲಿಲ್ಲ.

ನಿಮ್ಮ ಕಾಗದ ಬಂದ ದಿನ ಆಫೀಸಿನಲ್ಲಿದ್ದ ಅಂಥದೇ ಇನ್ನೊಂದು ಪಟ್ಟಿಯನ್ನು ನನ್ನ ಕೈಗೆ ಕಟ್ಟಿಕೊಂಡು, ಬೆಂಕಿಕಡ್ಡಿಯ ತುದಿಗೆ ಟೂತ್‌ಪೇಸ್ಟ್ ಹಚ್ಚಿ ಮೇಜಿನ ಮೇಲೆ ಚುಕ್ಕಿ ಇಟ್ಟು ನೋಡಿದೆ. ಚಿಕ್ಕಪ್ಪ ಹೇಳಿದಂತೆಯೇ ಆಯಿತು. ನನ್ನದು ಆರೋಗ್ಯದ ಕೈ. ಅದನ್ನೂ ಹಿಡಿದು ನಿಲ್ಲಿಸಿತು. ನಡುಗುವ ಕೈಯ ವೇಗ, ಚುಕ್ಕಿ ಇಡುವ ಕೈಯ ವೇಗ ಹೆಚ್ಚು ಕಡಿಮೆ ಒಂದೇ. ಬೇಕೆಂದು ಮಾಡಿದ್ದೋ, ತಾನಾಗಿ ಆದದ್ದೋ ಎಂದು ಯಂತ್ರ ನೋಡುವುದೇ ಇಲ್ಲ. ನಾವು ಪರೀಕ್ಷೆ ಮಾಡಿದ್ದು ಲೋಟ, ಚಮಚ, ಗುಂಡಿ, ಪೆನ್ನು ಇವುಗಳಲ್ಲಿ ಮಾತ್ರ. ಅವು ಯಾವುವೂ ಆ ವೇಗದ ಕೆಲಸಗಳಲ್ಲ.

ಲತೇಶ್ ಸರ್‌ಗೆ ತೋರಿಸಿದೆ. “ಪ್ರಪಂಚದಲ್ಲಿ ಎಷ್ಟು ಜನ ಮುಖಕ್ಕೆ ಅಕ್ಕಿಹಿಟ್ಟು ಹಚ್ಚಿಕೊಳ್ಳುತ್ತಾರೆ ದೀಪ್ತಿ? ಚಾ ಎಷ್ಟು ಜನ ಕುಡಿಯುತ್ತಾರೆ?” ಎಂದರು. ಫಲಿತಾಂಶದಲ್ಲಿ ಚಿಕ್ಕಪ್ಪನ ಹೆಸರು ಯಶಸ್ಸಿನ ಕಡೆಯೇ ಇರಲಿ ಎಂದರು. ಚಾದ ಮಟ್ಟಿಗೆ ಅದು ಸುಳ್ಳಲ್ಲವಂತೆ.

ಕೇಳಲು ನಾಚಿಕೆಯಾಗುತ್ತದೆ, ಆದರೆ ಕೇಳು ಎಂದಿದ್ದಾರೆ. ಚಿಕ್ಕಪ್ಪ ಫೆಬ್ರವರಿಯಲ್ಲಿ ವೇಷ ಮಾಡುವುದಾದರೆ ಪಟ್ಟಿ ಕಟ್ಟಿಕೊಂಡು ಬಣ್ಣ ಬರೆಯುವ ಒಂದು ಫೋಟೋ ಬೇಕಂತೆ. ಅದಕ್ಕೆ ಒಪ್ಪಿದರೆ ಪರೀಕ್ಷೆ ಮುಗಿದ ಮೇಲೂ ಪಟ್ಟಿಯನ್ನು ಅವರೇ ಇಟ್ಟುಕೊಳ್ಳಬಹುದು. ಇಲ್ಲವಾದರೆ ವಾಪಸು ಕೊಡಬೇಕು.

ದೀಪ್ತಿ


ಮಂಗಲ್ಪಾಡಿ
26 ಜನವರಿ 2025

ದೀಪ್ತಿ,

ನಿನ್ನ ಕಾಗದವನ್ನು ಈ ಸಲ ಇವರಿಗೇ ಓದಿ ಹೇಳಿದೆ. ಇನ್ನು ಈ ಮನೆಯಲ್ಲಿ ಅವರ ಕೈಯ ವಿಷಯ ಅವರಿಗೆ ತಿಳಿಯದೆ ನಡೆಯುವುದಿಲ್ಲ.

ಟೂತ್‌ಪೇಸ್ಟಿನ ಹತ್ತಿರ ಬಂದಾಗ ನಕ್ಕರು. “ಹುಡುಗಿ ಚುಟ್ಟಿ ಇಟ್ಟಳಾ? ಪರವಾಗಿಲ್ಲ” ಎಂದರು. ಫೋಟೋದ ಮಾತು ಬಂದಾಗ ಎದ್ದು ಹೋಗಿ ಪಟ್ಟಿಯನ್ನು ಅದರ ಡಬ್ಬಕ್ಕೆ ಹಾಕಿ ಮುಚ್ಚಿದರು. ಇದನ್ನು ನಾನು ಹಗುರವಾಗಿ ಬರೆಯುತ್ತಿಲ್ಲ. ನಿಧಾನದ ಕೆಲಸಕ್ಕೆ ಇವರ ಕೈ ಬಗ್ಗುವುದಿಲ್ಲ, ಅದಿಲ್ಲದೆ ತಾವೇ ಅಂಗಿ ಹಾಕಿಕೊಳ್ಳಲು ಆಗುವುದಿಲ್ಲ. ಈಗ ಗುಂಡಿ ಹಾಕುವುದು ನಾನು. ಒಬ್ಬ ಮನುಷ್ಯನಿಗೆ ಅಂಗಿಯ ಗುಂಡಿ ಬೇಕೋ, ಸತ್ಯ ಬೇಕೋ ಎಂದು ಕೇಳಿದ್ದೀರಿ ನೀವು. ಇಂಥ ಪ್ರಶ್ನೆ ಕೇಳಲು ನಾಚಿಕೆಯಾಯಿತು ಎಂದರೆ ಸಾಲದು.

ನಿನ್ನ ಲತೇಶರಿಗೆ ಹೇಳು: ಚೆಂಡೆ ಬಾರಿಸುವವನ ಕೈ ಆ ವೇಗದ್ದು. ತರಕಾರಿ ಕೊಚ್ಚುವ ಹೆಂಗಸಿನ ಕೈ ಆ ವೇಗದ್ದು. ಅಳುವ ಮಗುವಿನ ಬೆನ್ನು ತಟ್ಟುವ ಕೈಯೂ ಆ ವೇಗದ್ದೇ. ಇವರೆಲ್ಲರ ಪೈಕಿ ಯಾರಿಗೆ ಈ ಕಾಯಿಲೆ ಬಂದರೂ ಬರೀ ಲೋಟ ಹಿಡಿದು ಕೂರಬೇಕು ಎನ್ನುತ್ತಾರೆಯೇ? ಹೆಸರು ಯಶಸ್ಸಿನ ಕಡೆಯಿಂದ ತೆಗೆಯಿರಿ. ಇದು ಬೇಡಿಕೆಯಲ್ಲ.

ಭಾಗವತರ ಮನೆಗೆ ಹೋಗಿ ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು ಬಂದೆ. “ನನಗೆ ಅವತ್ತೇ ಸಂಶಯ ಇತ್ತು ಅಕ್ಕಾ. ಹರಿಯಣ್ಣ ಬೇಡ ಅನ್ನುವುದಾದರೆ ತಾನೇ ಬಂದು ನನಗೆ ಬೈದು ಹೇಳುತ್ತಿದ್ದರು. ನಾನು ಬೇರೆ ಯಾರನ್ನೂ ಕೇಳಿಯೇ ಇಲ್ಲ” ಎಂದರು.

ಈಶ್ವರಿ


ಪುಣೆ
10 ಫೆಬ್ರವರಿ 2025

ಚಿಕ್ಕಮ್ಮ,

ನನ್ನ ವರದಿಯಲ್ಲಿ ಚಿಕ್ಕಪ್ಪನ ಹೆಸರಿನ ಮುಂದೆ “ಸಾಧನವು ರೋಗಿಯ ವೃತ್ತಿಗೆ ಅಡ್ಡಿಯಾಯಿತು” ಎಂದು ಬರೆದು, ಪರೀಕ್ಷೆಯ ಮೇಲ್ವಿಚಾರಣೆ ಮಾಡುವ ವೈದ್ಯರಿಗೆ ನೇರವಾಗಿ ಕಳಿಸಿದ್ದೇನೆ. ಲತೇಶ್ ಸರ್ ಈಗ ನನ್ನೊಡನೆ ಮಾತಾಡುತ್ತಿಲ್ಲ. ಮುಂದಿನ ತಿಂಗಳು ಈ ಕುರ್ಚಿಯಲ್ಲಿ ನಾನಿರುತ್ತೇನೋ ಗೊತ್ತಿಲ್ಲ.

ಹದಿನೈದಕ್ಕೆ ಅವರು ಮಂಗಳೂರಿನಿಂದ ಒಬ್ಬ ಫೋಟೋದವರನ್ನು ಕಳಿಸುತ್ತಿದ್ದಾರೆ ಎಂದು ಕಿವಿಗೆ ಬಿತ್ತು. ಹೇಳಿಬಿಡುತ್ತೇನೆ. ಇನ್ನು ಯಾವುದನ್ನೂ ಹೇಳಬೇಡಿ ಎನ್ನುವುದಿಲ್ಲ.

ದೀಪ್ತಿ


ಮಂಗಲ್ಪಾಡಿ
17 ಫೆಬ್ರವರಿ 2025

ಪ್ರೀತಿಯ ದೀಪ್ತಿ,

ಆಟ ಮುಗಿಯಿತು. ಮೊದಲಿನಿಂದ ಬರೆಯುತ್ತೇನೆ.

ಬೇರೆ ವೇಷದವರು ಬರುವ ಮುಂಚೆ, ಊಟದ ಹೊತ್ತಿಗೇ ಇವರು ಎಣ್ಮಕಜೆಯ ಶಾಲೆಯಲ್ಲಿ ಕನ್ನಡಿಯ ಮುಂದೆ ಕೂತರು. ಸ್ಟೆಲ್ಲಾ ಬಾಯಿ ಮಾತ್ರೆ, ನೀರು ಹಿಡಿದು ಜೊತೆಗೇ ಬಂದಿದ್ದರು. ಮುಖಕ್ಕೆ ಕೆಂಪು ಕಪ್ಪು ಬರೆಯುವಾಗ ಎರಡು ಸಲ ಒರೆಸಿ ಪುನಃ ಬರೆಯಬೇಕಾಯಿತು. ಚುಟ್ಟಿಗೆ ಕೈ ಹಾಕಿದಾಗ ಕಡ್ಡಿ ಕೆನ್ನೆಗೆ ತಾಗುವ ಮುಂಚೆಯೇ ಬಿತ್ತು. ಹೆಕ್ಕಲು ಬಗ್ಗಿದ ನನ್ನನ್ನು ಕಣ್ಣಿನಲ್ಲೇ ತಡೆದರು. ತಾವೇ ಹೆಕ್ಕಿದರು. ಆಗ ಭಾಗವತರು ಮೂಲೆಯಲ್ಲಿ ಕೂತು, ಯಾರಿಗೋ ಪಾಠ ಮಾಡುವವರ ಹಾಗೆ ಇತ್ತ ನೋಡದೆ, ಸಣ್ಣದಾಗಿ ತಾಳ ಹಾಕಿ ಪದ ಹೇಳತೊಡಗಿದರು. ಆ ತಾಳಕ್ಕೆ ಇವರ ಕೈ ಓಡಿತು. ನಿಲ್ಲುತ್ತಿತ್ತು, ಕಾಯುತ್ತಿತ್ತು, ಪುನಃ ತಾಳ ಹಿಡಿದು ಓಡುತ್ತಿತ್ತು. ಬಲಗೆನ್ನೆ ಚೆನ್ನಾಗಿ ಬಂತು. ಎಡಗೆನ್ನೆಯ ಸಾಲು ಕಿವಿಯ ಹತ್ತಿರ ಡೊಂಕು. “ರಾಕ್ಷಸನ ಮುಖ ಅಲ್ವಾ, ಮದುಮಗನದ್ದಾ?” ಎಂದರು ಸ್ಟೆಲ್ಲಾ ಬಾಯಿ. ಇವರಿಗೆ ನಗು ಬಂತು, ನಗುವ ಹಾಗಿಲ್ಲ. ಹಸಿ ಚುಟ್ಟಿ ಬಿರಿಯುತ್ತದೆ.

ಫೋಟೋದವನು ಬಂದದ್ದು ಆಗಲೇ. ಕೈಯಲ್ಲಿ ಹೊಸತೊಂದು ಪಟ್ಟಿ.

“ಸರ್, ಒಂದೇ ಫೋಟೋ. ಇದನ್ನು ಕಟ್ಟಿ, ಕಡ್ಡಿ ಹಿಡಿದು ಹೀಗೆ ಕೆನ್ನೆಯ ಹತ್ತಿರ.”

“ಅವರು ಈಗ ಮಾತಾಡುವ ಹಾಗಿಲ್ಲ. ನನ್ನ ಹತ್ತಿರ ಹೇಳಿ” ಎಂದೆ.

“ಎರಡು ನಿಮಿಷದ ಕೆಲಸ ಮೇಡಂ. ಪಟ್ಟಿ ಆನ್ ಮಾಡುವುದೂ ಬೇಡ.”

“ಆನ್ ಮಾಡಿದರೆ ಎಂತ ಆಗುತ್ತದೆ, ಗೊತ್ತುಂಟಾ ನಿಮಗೆ?”

“ನನಗೆಂತ ಗೊತ್ತು ಮೇಡಂ? ಫೋಟೋ ತೆಗೆಯಲಿಕ್ಕೆ ಹೇಳಿದ್ದಾರೆ.”

“ಹಾಗಾದರೆ ಕೇಳಿಕೊಂಡು ಹೋಗಿ. ಈ ಮುಖದಲ್ಲಿ ನಿಮ್ಮವರು ಇಟ್ಟ ಚುಕ್ಕಿ ಒಂದೂ ಇಲ್ಲ. ಇಡುವುದನ್ನು ತಡೆದವರು ಅವರು. ತಡೆದವರಿಗೆ ಇದನ್ನು ತೋರಿಸಿ ಮಾರಲಿಕ್ಕೆ ಹಕ್ಕಿಲ್ಲ. ಅದೇ ಪಟ್ಟಿ ಕಟ್ಟಿಕೊಂಡು ನಾಳೆ ಇನ್ನೊಬ್ಬ ತನ್ನ ಕೆಲಸಕ್ಕೆ ಕೂತು, ಆಗದಿದ್ದಾಗ, ತಪ್ಪು ತನ್ನ ಕೈಯದ್ದೇ ಅಂದುಕೊಳ್ಳುತ್ತಾನೆ. ಈ ಫೋಟೋ ನೋಡಿ ಅಂದುಕೊಳ್ಳುತ್ತಾನೆ. ಹೊರಡಿ.”

ನನ್ನ ದನಿ ಇಷ್ಟು ದೊಡ್ಡದು ಎಂದು ನನಗೇ ತಿಳಿದಿರಲಿಲ್ಲ. ಚೌಕಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೋದ. ಪಾಪ, ಅವನದ್ದೇನೂ ತಪ್ಪಿರಲಿಲ್ಲ. ಆದರೆ ಯಾವಾಗಲೂ ಬರುವುದು ತಪ್ಪಿಲ್ಲದವರೇ, ದೀಪ್ತಿ. ತಪ್ಪು ಮಾಡಿದವರು ಪುಣೆಯಲ್ಲಿರುತ್ತಾರೆ. ನಿನ್ನನ್ನು ಆ ಲೆಕ್ಕದಿಂದ ತೆಗೆದಿದ್ದೇನೆ. ಕೆಲಸ ಹೋದರೆ ಇಲ್ಲಿಗೆ ಬಾ, ಸ್ವಲ್ಪ ದಿನ ಇದ್ದು ಹೋಗು.

ಸಂಜೆ ಮೈರಾವಣನ ಪ್ರವೇಶ. ಬಣ್ಣದ ವೇಷ ನೇರವಾಗಿ ಬರುವುದಿಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ, ಅದರ ಹಿಂದಿನಿಂದ ಮೊದಲು ಕೈಗಳು ಮಾತ್ರ ಕಾಣುತ್ತವೆ. ನಾನು ಮುಂದಿನ ಸಾಲಿನಲ್ಲಿದ್ದೆ. ಇವರ ಎರಡು ಕೈಗಳೂ ಬಂದು ತೆರೆಯ ಮೇಲಂಚನ್ನು ಹಿಡಿದವು. ಬಲಗೈ ನಡುಗುತ್ತಿತ್ತು. ಎಡಗೈಯಿಂದ ಅದನ್ನು ಒತ್ತಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ತೆರೆಯಿಡೀ ಅದರೊಟ್ಟಿಗೆ ಅದುರಿತು. ಚೆಂಡೆ ಏರಿತು, ಬಿಳಿಯ ಮುಳ್ಳುಗಳ ಆ ಮುಖ ನಿಧಾನವಾಗಿ ಮೇಲೆದ್ದು ನಮ್ಮನ್ನೆಲ್ಲ ನೋಡಿತು.

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಮೊಣಕೈಯಿಂದ ತಮ್ಮ ಜೊತೆಯವರನ್ನು ತಿವಿದು, “ಅಬ್ಬ, ಎಂತ ಸಿಟ್ಟು ಮಾರಾಯ ಇವನಿಗೆ!” ಎಂದರು.

ನಾನು ತಿದ್ದಲು ಹೋಗಲಿಲ್ಲ. ಸಿಟ್ಟು ಇದ್ದದ್ದು ನಿಜವೇ.

ನಿನ್ನ
ಈಶ್ವರಿ ಚಿಕ್ಕಮ್ಮ